ಚುಕ್ಕಿಮಾಮ
ಮೂಲೆಯ ಮೊಬೈಲ್ ಅಂಗಡಿಯವನನ್ನು ಬೀದಿಯವರೆಲ್ಲ ಚುಕ್ಕಿಮಾಮ ಅನ್ನುತ್ತಾರೆ, ಅವನದೇನೂ ತಕರಾರಿಲ್ಲ. "ಐವತ್ತು ಮೆಗಾಪಿಕ್ಸೆಲ್ ಅಂದ್ರಿ, ಫೋಟೋ ನೋಡಿದ್ರೆ ಹನ್ನೆರಡೇ ಇದೆ, ಮಿಕ್ಕಿದ್ದೆಲ್ಲಿ?" ಎಂದು ಯಾರಾದರೂ ಜಗಳಕ್ಕೆ ಬಂದರೆ ಸಾಕು, ಅವನ ಮುಖ ಅರಳುತ್ತದೆ. ಬಂದವರ ಕೈಹಿಡಿದು ಕಿಟಕಿಯಿಲ್ಲದ ಸ್ಟೋರ್ ರೂಮಿಗೆ ಎಳೆದೊಯ್ದು, ದೀಪ ಆರಿಸಿ, ಬಾಗಿಲು ಓರೆ ಮಾಡಿ, ರಟ್ಟಿನ ಡಬ್ಬಗಳ ನಡುವೆ ನಿಲ್ಲಿಸಿ ಐವತ್ತರದೊಂದು, ಹನ್ನೆರಡರದೊಂದು ಫೋಟೋ ತೆಗೆಯುತ್ತಾನೆ. ಮೊದಲನೆಯದರಲ್ಲಿ ಮುಖದ ಮೇಲೆ ಮರಳು ಎರಚಿದ ಹಾಗಿರುತ್ತದೆ. ಎರಡನೆಯದರಲ್ಲಿ ಮೀಸೆಯ ತಿರುವೂ ಕಾಣುತ್ತದೆ. "ಕತ್ತಲಲ್ಲಿ ಒಂದೊಂದು ಚುಕ್ಕಿಗೆ, ಅಂದ್ರೆ ಪಿಕ್ಸೆಲ್‌ಗೆ, ಸಿಗೋ ಬೆಳಕು ಚಿಟಿಕೆಯಷ್ಟು ಸಾರ್. ಅದಕ್ಕೇ ಅಕ್ಕಪಕ್ಕದ ನಾಲ್ಕು ಚುಕ್ಕಿ ಸೇರಿ ಒಂದಾಗ್ತವೆ. ಫೋಟೋ ಚಿಕ್ಕದಾಗುತ್ತೆ ನಿಜ, ಆದ್ರೆ ಮುಖ ಕಾಣುತ್ತಲ್ಲ!" ಆ ಡಬ್ಬಗಳ ನಡುವೆ ನಿಂತು ಫೋಟೋ ತೆಗೆಸಿಕೊಳ್ಳದವರು ಬೀದಿಯಲ್ಲಿ ಯಾರೂ ಉಳಿದಿಲ್ಲ. ಲಿಫ್ಟಿನಲ್ಲಿ ಗುರುತು ಪರಿಚಯ ಇಲ್ಲದವರಿಗೂ "ಒತ್ತಿ ನಿಂತ್ಕೊಳ್ಳಿ, ಬೆಳಕು ಜಾಸ್ತಿಯಾಗುತ್ತೆ" ಎನ್ನುವ ಆಸಾಮಿ ಅವನು. "ನಿದ್ದೇಲೂ ಇದನ್ನೇ ಬಡಬಡಿಸ್ತಾರೆ" ಎಂದು ಹೆಂಡತಿ ನಗುತ್ತಾಳೆ. ಸಂಜೆ ದೂರದಲ್ಲಿರುವ ಅವನ ತಮ್ಮನ ಕೂಸಿನ ಫೋಟೋ ಬಂದರೆ, ವಯಸ್ಸಾಗಿ ಕಣ್ಣು ಮಂಜಾದ ತಾಯಿ "ಮಗು ಹೇಗಿದೆಯೋ?" ಎಂದು ಕೇಳುತ್ತಾಳೆ. ಮನೆಯವರೆಲ್ಲ ಅವಳನ್ನು ಒತ್ತಿಕೊಂಡು ಕೂರುತ್ತಾರೆ. ಹೆಂಡತಿ ಕೂದಲನ್ನು ಬಣ್ಣಿಸುತ್ತಾಳೆ, ಮಗಳು ಮೂಗನ್ನು, ತಂಗಿ ಕೆನ್ನೆಯ ಗುಳಿಯನ್ನು, ಅವನು ಬಿಗಿಹಿಡಿದ ಪುಟ್ಟ ಮುಷ್ಟಿಯನ್ನು. ತಾಯಿ "ಸಾಕು ಬಿಡ್ರಪ್ಪ, ಕಾಣಿಸ್ತು" ಅನ್ನುತ್ತಾಳೆ. ಬೆಳಗಿಂದ ಊರಿಗೆಲ್ಲ ಪಾಠ ಹೇಳಿದ ಚುಕ್ಕಿಮಾಮ ಆಗ ಮಾತ್ರ ಚುಕ್ಕಿಯ ಮಾತೆತ್ತದೆ ತಾಯಿಗೆ ಇನ್ನಷ್ಟು ಒತ್ತಿ ಕೂರುತ್ತಾನೆ.