ಸಬಾರಿಯಾಳ ಮೂಗು

ತುಂಪಾಟ್ ಕಡೆಯ ಆ ನದಿದಂಡೆಯ ಹಳ್ಳಿಯಲ್ಲಿ ಬಾಹುಲು ಎಂಬ ಪುಟ್ಟ ಮೊಟ್ಟೆಕೇಕು ಸುಡುವ ಹೆಂಗಸರಿಗೇನೂ ಬರವಿರಲಿಲ್ಲ. ಆದರೂ ಮದುವೆಮನೆಯವರು ಹುಡುಕಿಕೊಂಡು ಬರುತ್ತಿದ್ದುದು ಸಬಾರಿಯಾಳ ಮನೆಗೇ. ಮೊಟ್ಟೆ, ಸಕ್ಕರೆ, ಮೈದಾ ಕಡೆದ ನೊರೆಹಿಟ್ಟನ್ನು ಹಿತ್ತಾಳೆ ಅಚ್ಚಿನ ಹೂಗುಳಿಗಳಿಗೆ ಹುಯ್ದು, ಮುಚ್ಚಳ ಹಾಕಿ, ಕೆಳಗೆ ಕೆಂಡ, ಮೇಲೆ ತೆಂಗಿನ ಸಿಪ್ಪೆಯ ಬೆಂಕಿ ಇಟ್ಟು ಅವಳು ಸುಮ್ಮನೆ ಕೂರುವಳು. ನಡುವೆ ಮುಚ್ಚಳ ತೆಗೆಯುವ ಹಾಗಿಲ್ಲ. ಗಾಳಿ ತಗುಲಿದರೆ ಉಬ್ಬಿದ್ದು ಕುಸಿದುಬಿಡುತ್ತದೆ. ಮೊದಲು ಹಸಿಮೊಟ್ಟೆಯ ವಾಸನೆ ಹೋಗಬೇಕು, ಆಮೇಲೆ ಸಕ್ಕರೆಯದು ಏಳಬೇಕು, ಅದರ ಬೆನ್ನಿಗೇ ಹುರಿದ ಹಿಟ್ಟಿನ ಘಮ ಒಂದೆಳೆ ಬರಬೇಕು. ಬಂದ ಗಳಿಗೆಗೆ ಅವಳ ಕೈ ಮುಚ್ಚಳಕ್ಕೆ ಹೋಗುತ್ತಿತ್ತು. ಮುರಿದು ನೋಡಿದರೆ ಅಂಚಿನಿಂದ ನಡುವಿನವರೆಗೆ ಒಂದೇ ಹದ.

ಆ ಮಳೆಗಾಲದಲ್ಲಿ ಒಂದು ಜ್ವರ ಅವಳನ್ನು ಹಾಸಿಗೆ ಹಿಡಿಸಿತು. ಜ್ವರ ಬಿಟ್ಟಿತು. ಮೂಗು ಮರಳಲಿಲ್ಲ.

ಅವಳನ್ನು ಯಾ ಎಂದೇ ಕರೆಯುವ ಗಂಡ ದೆರಾಮನ್ ಮೊದಲು ನಂಬಲಿಲ್ಲ. ಸಂತೆಯಿಂದ ಬಿರಿದ ದುರಿಯಾನ್ ಹಣ್ಣು ತಂದು ಅವಳ ಮುಖಕ್ಕೇ ಹಿಡಿದ.

"ಇದರ ನಾತಕ್ಕೆ ಸತ್ತೋರೂ ಎದ್ದು ಕೂರ್ತಾರೆ. ಎಳ್ಕೊ ಯಾ, ಜೋರಾಗಿ ಎಳ್ಕೊ."

ಎಳೆದುಕೊಂಡಳು. "ಬರೀ ಗಾಳಿ ಬಂತು, ಅಬಾಂಗ್," ಎಂದಳು ಗಂಡನಿಗೆ.

ತಿಂದರೆ ಒದ್ದೆ ಹತ್ತಿ ಜಗಿದ ಹಾಗೆ. ಕೆಲವರಿಗೆ ಮರಳಿ ಬರುತ್ತದೆ, ಕೆಲವರಿಗೆ ಇಲ್ಲ ಎಂದು ಪೇಟೆಯ ಡಾಕ್ಟರು ಕೈಚೆಲ್ಲಿದರು.

ಕೈಗಾದರೂ ನೆನಪಿರುತ್ತದೆ ಎಂದುಕೊಂಡು ಅವಳು ಒಲೆ ಹಚ್ಚಿದಳು. ಬಿಸಿಯನ್ನು ಅಂಗೈಯಲ್ಲಿ ಅಳೆದು, ಅಂದಾಜಿನಲ್ಲಿ ಮುಚ್ಚಳ ತೆಗೆದಳು. ಮೇಲಿನ ಬಣ್ಣ ಅಷ್ಟೇನೂ ಕೆಟ್ಟಂತೆ ಕಾಣಲಿಲ್ಲ. ದೆರಾಮನ್ ಡಬ್ಬಿಗಳನ್ನು ಬೈಕಿಗೆ ಕಟ್ಟಿಕೊಂಡು ಹೋಗಿ ಖಾಲಿ ಮಾಡಿಕೊಂಡು ಬರುತ್ತಿದ್ದ. "ಎಲ್ಲಾ ಹೋಯ್ತು," ಎನ್ನುತ್ತಿದ್ದ. ಅವಳಿಗೆ ಉಸಿರು ಬಂದಂತಾಗುತ್ತಿತ್ತು.

ಒಂದು ಬೆಳಿಗ್ಗೆ ಅವನು ಒಂದು ಡಬ್ಬಿ ಮರೆತು ಹೋದ. ಅವಳು ಅದನ್ನು ಎತ್ತಿಕೊಂಡು ನದಿಯ ಒಳದಾರಿ ಹಿಡಿದಳು. ದೋಣಿಗಟ್ಟೆಯ ಬಳಿ ಬೈಕು ನಿಂತಿತ್ತು. ದೆರಾಮನ್ ಹಲಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಬಾಹುಲುಗಳನ್ನು ಮುರಿದು ಮುರಿದು ನೀರಿಗೆ ಹಾಕುತ್ತಿದ್ದ. ಕೆಲವಕ್ಕೆ ತಳವೇ ಕರಿ. ಕೆಲವುಗಳ ಹೊಟ್ಟೆಯಿಂದ ಹಳದಿ ಹಸಿಹಿಟ್ಟು ಸುರಿಯುತ್ತಿತ್ತು.

"ಯಾವಾಗಿಂದ?" ಎಂದಳು.

ಅವನು ತಿರುಗಲಿಲ್ಲ. "ಮೊದಮೊದಲು ತಗೊಂಡ್ರು, ಯಾ. ನಿನ್ನ ಹೆಸರಿಗೆ ತಗೊಂಡ್ರು. ಆಮೇಲೆ ದೂರದಿಂದ್ಲೇ ಬೇಡ ಅಂತ ಕೈ ಆಡಿಸೋಕೆ ಶುರು ಮಾಡಿದ್ರು."

"ನಂಗೆ ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಒಲೆ ಮುಂದೆ ಕೂರ್ತಿದ್ಯಾ? ಗೋಡೆ ಕಡೆ ಮುಖ ಮಾಡಿ ಮಲಗ್ತಿದ್ದೆ."

"ಊರಿಗೆಲ್ಲಾ ಗೊತ್ತು. ನದಿ ಮೀನಿಗೂ ಗೊತ್ತು. ನನ್ನೊಬ್ಬಳಿಗೆ ಗೊತ್ತಿಲ್ಲ." ಕೈಯಲ್ಲಿದ್ದ ಡಬ್ಬಿಯನ್ನು ಅವನ ಪಕ್ಕದಲ್ಲಿಟ್ಟು ಬಂದ ದಾರಿಯಲ್ಲೇ ಹೊರಟುಹೋದಳು.

ಎರಡು ದಿನ ಮಾತಿಲ್ಲ. ಮೂರನೆಯ ದಿನ ದೆರಾಮನ್ ತಾನೇ ಕೆಂಡ ಮಾಡಿ, "ಬಾ, ನಿನ್ನ ಮೂಗು ನಾನಾಗ್ತೀನಿ," ಎಂದು ಕರೆದ. ಜೀವಮಾನವಿಡೀ ಎಲೆಬೀಡಿ ಸೇದಿದ ಮೂಗು ಅದು.

"ಸಕ್ಕರೆ ಎದ್ದಿತಾ?"

"ಏನೋ ಒಂದು ಎದ್ದಿದೆ."

"ಏನೋ ಅಂದ್ರೆ?"

"ತಡಿಯೇ, ಸುಟ್ಟ ಬಟ್ಟೆ ಥರ…"

"ಅಯ್ಯೋ, ನಿಮ್ಮ ಸಾರೋಂಗಿಗೇ ಕಿಡಿ ಬಿದ್ದಿದೆ!"

ಅವನು ಹಾರಿಬಿದ್ದು ಸೊಂಟದ ಲುಂಗಿ ಕೊಡವಿಕೊಂಡ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ಮುಗಿಸಿ ಮುಚ್ಚಳ ತೆಗೆದಾಗ ಮೇಲುಭಾಗ ಇದ್ದಿಲಾಗಿತ್ತು. ಅವಳು ಒಂದನ್ನು ಮುರಿದಳು. ಹಸಿಹಿಟ್ಟು ಬೆರಳ ಸಂದಿಯಲ್ಲಿ ಇಳಿಯಿತು. ಅದನ್ನು ಒರೆಸಿಕೊಳ್ಳದೆ ಎದ್ದು, ಒಂದು ಕೊಡ ನೀರು ತಂದು ಒಲೆಗೆ ಸುರಿದಳು. ದೆರಾಮನ್ ತಡೆಯಲಿಲ್ಲ.

ಉಪವಾಸದ ತಿಂಗಳು ಮುಗಿಯುತ್ತಾ ರಾಯ ಹಬ್ಬ ಹತ್ತಿರ ಬಂದಾಗ ಪಕ್ಕದ ಮನೆಯ ಬೆಸಾ ಬಾಗಿಲಲ್ಲಿ ನಿಂತಳು. ಅಕ್ಕ ಎನ್ನುವುದಕ್ಕೆ ಅವಳು ಕಾಕ್ ಎನ್ನುವಳು.

"ಕಾಕ್ ಯಾ, ತಪ್ಪು ತಿಳೀಬೇಡಿ. ಈ ಸಲ ನಿಮ್ಮ ಅಚ್ಚು ಕೊಡ್ತೀರಾ? ಹಬ್ಬ ಮುಗಿದ ಕೂಡ್ಲೇ ತಂದ್ಕೊಡ್ತೀನಿ."

"ತರೋದೇನೂ ಬೇಡ, ಇಟ್ಕೊ."

"ಹಾಗಂದ್ರೆ ಹೇಗೆ ಕಾಕ್? ನಾಳೆ ನಿಮ್ಮ ಮೂಗು…"

"ಇಟ್ಕೊ ಅಂದ್ನಲ್ಲ."

ಹಬ್ಬದ ದಿನ ಬೆಸಾ ತಟ್ಟೆ ತುಂಬ ಬಾಹುಲು ತಂದಳು. ಸಬಾರಿಯಾ ಒಂದನ್ನು ಬಿಡಿಸಿದಳು. ಎಳೆ ಎಳೆಯಾಗಿ ಬಿಟ್ಟುಕೊಂಡಿತು. ನಡುವಿನಲ್ಲೂ ಅದೇ ಹದ. ಬಾಯಿಗೆ ಹಾಕಿಕೊಂಡಳು. ನಾಲಿಗೆಯ ಮೇಲೆ ಮೆತ್ತಗೆ ಏನೋ ಕರಗಿ ಹೋಯಿತು, ಅಷ್ಟೇ.

"ಹೇಗಿದೆ, ಕಾಕ್?"

"ಚೆನ್ನಾಗಿ ಬೆಂದಿದೆ," ಎಂದಳು ಸಬಾರಿಯಾ. ಹೇಳಲು ಅವಳಿಗೆ ಬೇರೇನೂ ಗೊತ್ತಿರಲಿಲ್ಲ.