ಸೀತನಿ ಹೊಲದ ತಂತಿ

ತವರಿನ ಹೊಲಕ್ಕೆ ಸೀತನಿ ತಿನ್ನಲು ಹೋಗುವುದೆಂದರೆ ನನಗೆ ಹಬ್ಬಕ್ಕಿಂತ ಒಂದು ಕೈ ಹೆಚ್ಚು. ಜೋಳದ ತೆನೆ ಹಾಲುಗಟ್ಟಿ ಇನ್ನೂ ಹಸಿರಾಗಿರುವಾಗಲೇ ಕೊಯ್ದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಗೋಣಿಚೀಲದ ಮೇಲೆ ತಿಕ್ಕಿ, ಹೊಟ್ಟು ಊದಿ, ಬಿಸಿಬಿಸಿ ಕಾಳನ್ನು ಶೇಂಗಾ ಚಟ್ನಿಯ ಜೊತೆ ಬಾಯಿಗೆ ಹಾಕಿಕೊಳ್ಳಬೇಕು. ತೆನೆ ಬಲಿತರೆ ಮುಗಿಯಿತು, ಮತ್ತೆ ಮುಂದಿನ ವರ್ಷವೇ. ಈ ಸಲ ಮಾತ್ರ ನನಗಿಂತ ಹೆಚ್ಚು ಅವಸರ ಏಳು ವರ್ಷದ ನನ್ನ ಮಗಳಿಗಿತ್ತು. ಅವಳಿಗೆ ಸೀತನಿಯೂ ಬೇಡ, ಏನೂ ಬೇಡ, ಚಿಗರಿ ನೋಡಬೇಕು, ಅದೇ ಕೃಷ್ಣಮೃಗ. "ನಮ್ಮ ಹೊಲಕ್ಕ ದಿನಾ ಬರ್ತಾವ, ಬಾ" ಎಂದು ನನ್ನ ಅಣ್ಣ ಫೋನಿನಲ್ಲಿ ಹೇಳಿದ್ದೇ ತಡ, ಒಂದು ವಾರ ನನ್ನ ತಲೆ ತಿಂದಿದ್ದಳು.

ಆಳಂದದಿಂದ ನಾನು, ನನ್ನ ಗಂಡ, ಮಗಳು ಮೂವರೇ ಕಾರಿನಲ್ಲಿ ಹೊರಟೆವು. ಅಫಜಲಪುರದಲ್ಲಿ ಸುಸಲಾ-ಮಿರ್ಚಿ ತಿಂದೆವು. ಮಗಳು ಮಿರ್ಚಿಯ ಖಾರಕ್ಕೆ ಹಾ ಹೂ ಎನ್ನುತ್ತಲೇ, "ಚಿಗರಿ ಎದ್ದು ಹೋಗಿಬಿಡ್ತಾವ, ಲಗೂ ನಡೀರಿ" ಎಂದು ಇಬ್ಬರನ್ನೂ ಎಬ್ಬಿಸಿದಳು. ಕರಜಗಿಯ ಆಚೆ ನಮ್ಮ ಹೊಲದ ಹತ್ತಿರ ಇಳಿದಾಗ ಬಿಸಿಲು ಇನ್ನೂ ಹಿತವಾಗಿತ್ತು.

ಹೊಲದ ಸುತ್ತ ಮೊಣಕಾಲೆತ್ತರಕ್ಕೆ ಗೂಟ ನೆಟ್ಟು ತಂತಿ ಎಳೆದಿದ್ದರು. ಹೋದ ವರ್ಷ ಅದು ಇರಲಿಲ್ಲ. ಹೊಲದೊಳಕ್ಕೆ ಹೋಗುವ ದಾರಿಯಲ್ಲಿ ಮಾತ್ರ ಒಂದಾಳು ಹಾಯುವಷ್ಟು ಜಾಗ ಬಿಟ್ಟಿದ್ದರು.

"ಇದೇನಣ್ಣಾ ಹೊಸದು?" ಎಂದು ದಾರಿಗೆ ಬಂದು ನಿಂತಿದ್ದ ಅಣ್ಣನನ್ನು ಕೇಳಿದೆ.

"ಏನ್ಮಾಡ್ಲಿ? ಹಂದಿ ಬಿಡಂಗಿಲ್ಲ, ಚಿಗರಿ ಬಿಡಂಗಿಲ್ಲ. ನಿಮಗೇನವ್ವಾ, ಫೋಟೋ ಹೊಡ್ಕೊಂಡು ಹೋಗ್ತೀರಿ. ಅವು ತಿನ್ನೋದು ನನ್ನ ತೆನಿ."

ನಮ್ಮ ಮನೆಯವರು ಬಗ್ಗಿ ನೋಡಿ, "ಕರೆಂಟ್ ಕೊಟ್ಟೀರೇನ್ರಿ ಇದಕ್ಕ?" ಎಂದರು.

"ರಾತ್ರಿ ಅಷ್ಟ ಕೊಡ್ತೇನ್ರಿ. ಮುಂಜಾನೆ ಬಂದವನ ತೆಗದೇನಿ."

ಮಗಳು ಮುಂದೆ ಬಂದಳು. "ಮುಟ್ಟಿದ್ರ ಏನಾಗ್ತದ ಮಾಮಾ?"

"ಏನೂ ಆಗಂಗಿಲ್ಲವ್ವಾ. ಬೇಕಾದ್ರ ಮುಟ್ಟಿ ನೋಡು!"

ನಾನು ಅವಳ ಕೈ ಹಿಡಿದು ಜಗ್ಗಿದೆ. ಅಣ್ಣ ನಕ್ಕುಬಿಟ್ಟ. "ಪ್ಯಾಟ್ಯಾಗ ಇದ್ದು ಪುಕ್ಕಲಿ ಆಗೀದಿ ನೀ" ಎಂದ. ಅವನ ಈ ಬಡಿವಾರ ನನಗೆ ಚಿಕ್ಕಂದಿನಿಂದಲೂ ಮೈ ಉರಿಸುತ್ತದೆ. ಆದರೆ ಊರಿಂದ ಬಂದು ಹೊಲದಲ್ಲಿ ಕಾಲಿಡುತ್ತಲೇ ಜಗಳ ಯಾಕೆಂದು ಮಗಳನ್ನು ಕರೆದುಕೊಂಡು ಒಳಗೆ ನಡೆದೆ.

ಹೊಲದ ನಡುವೆ ಬೇವಿನ ಮರದ ಕೆಳಗೆ ಕುಳ್ಳು ಉರಿಯುತ್ತಿತ್ತು. ಅಣ್ಣ ತೆನೆ ಸುಟ್ಟು ಕೊಟ್ಟಂತೆ ಅವನ ಹೆಂಡತಿ, ನಮ್ಮ ವೈನಿ, ತಿಕ್ಕಿ ತಿಕ್ಕಿ ಕಾಳು ಬಿಡಿಸುತ್ತಿದ್ದರು. ಎರಡೆರಡು ಸಲ ಪಂಪಿನ ಶೆಡ್ಡಿನ ಕಡೆ ನೋಡಿದರು. ನನಗೆ ಚಟ್ನಿ ಹಾಕುವ ನೆಪದಲ್ಲಿ ಹತ್ತಿರ ಬಂದು, ಸೊಂಟದ ಸಂಚಿಯನ್ನು ಸ್ವಲ್ಪವೇ ತೆರೆದು ತೋರಿಸಿದರು. ಎಲೆ ಅಡಿಕೆಯ ಜೊತೆ ಒಂದು ಕೀಲಿ ಇತ್ತು.

"ಶೆಡ್ಡಿನ ಕೀಲಿ ತಂಗೀ. ತಂತಿಗೆ ಕರೆಂಟ್ ಕೊಡೋದು ತೆಗೆಯೋದು ಅದರೊಳಗಿಂದಾನ. ನಿನ್ನೆ ಸಂಜಿಯಿಂದ ಕೀಲಿ ನನ್ನ ಹತ್ರಾನ ಅದ" ಎಂದು ಪಿಸುಗುಟ್ಟಿದರು. "ಮುಂಜಾನೆ ಅವರು ಕೇಳೇ ಇಲ್ಲ. ನೀವು ಬರ್ತೀರಂತ ತೆನಿ ಕೊಯ್ಯೋ ಗಡಿಬಿಡ್ಯಾಗ ಮರ್ತಾರ."

ನನ್ನ ಬಾಯಲ್ಲಿದ್ದ ಸೀತನಿ ಅಲ್ಲೇ ನಿಂತಿತು. "ಅಂದ್ರ ತಂತಿಗೆ ಕೊಟ್ಟ ಕರೆಂಟ್ ಹಂಗೇ ಅದ?"

"ಈಗ ಲೈನಿನ್ಯಾಗ ಕರೆಂಟ್ ಇಲ್ಲ. ಈ ವಾರ ರಾತ್ರಿ ಪಾಳಿ. ಆದ್ರ ಕರೆಂಟಿನವರ ಪಾಳಿ ಯಾರು ನಂಬಬೇಕು? ಬಂತಂದ್ರ ಪಂಪ್ ತಾನ ಚಾಲೂ ಆಗ್ತದ, ತಂತೀಗೂ ಬರ್ತದ." ವೈನಿಯ ಕಣ್ಣು ತುಂಬಿತ್ತು. "ಹೋದ ತಿಂಗಳ ಒಂದು ಹೆಣ್ಣು ಚಿಗರಿ ಸತ್ತು ಬಿದ್ದಿತ್ತವ್ವಾ. ಅವರೊಬ್ಬರೇ ಹುಗಿದು ಬಂದ್ರು."

"ಎದ್ದು ಹೋಗಿ ತೆಗೀಬಾರ್ದಾ?"

"ಅಳಿಯಂದ್ರ ಎದುರು ಅವರನ್ನ ಸುಳ್ಳ ಮಾಡ್ಲೇನು?"

ನನಗೆ ಸಿಟ್ಟು ನೆತ್ತಿಗೇರಿತು. ಮನೆಯ ಅಳಿಯನ ಮುಂದೆ ಗಂಡನ ಮಾತು ಸಣ್ಣದಾಗಬಾರದೆಂದು ಈ ಹೆಂಗಸು ಕೀಲಿಯನ್ನು ಸಂಚಿಯಲ್ಲಿ ಮುಚ್ಚಿಕೊಂಡು ಕೂತಿದ್ದರು. ಅಣ್ಣನೋ, ತೆಗೆದೇನಿ ಎಂದು ಒಮ್ಮೆ ಅಂದಮೇಲೆ ಆ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಜಾತಿಯವನೇ ಅಲ್ಲ. "ಕೊಡ್ರಿ ಇಲ್ಲಿ ಕೀಲಿ" ಎಂದು ಕೈ ಚಾಚಿ, ಮಗಳನ್ನು ಹತ್ತಿರ ಕೂರಿಸಿಕೊಳ್ಳೋಣವೆಂದು ತಿರುಗಿದೆ. ಅವಳು ಕೂತಿದ್ದ ಜಾಗ ಖಾಲಿ ಇತ್ತು.

"ಪಾಪು ಎಲ್ಲಿ?"

ನಮ್ಮ ಮನೆಯವರು ತೆನೆ ತಿಕ್ಕುತ್ತ, ತಲೆ ಎತ್ತದೆ, "ಒಂದು ಮುಷ್ಟಿ ಸೀತನಿ ತಗೊಂಡು ಚಿಗರೀಗೆ ಕೊಟ್ಟು ಬರ್ತೇನಿ ಅಂದ್ಳು. ಇಲ್ಲೇ ಬದುವಿನ ಮ್ಯಾಲ ಹೋದ್ಳಲ್ಲ" ಎಂದರು.

ಅದೇ ಹೊತ್ತಿಗೆ ಶೆಡ್ಡಿನೊಳಗೆ ಟಕ್ ಎಂದಿತು. ಪೈಪು ಒಮ್ಮೆ ಕೆಮ್ಮಿತು. ಆಮೇಲೆ ತೊಟ್ಟಿಗೆ ನೀರು ಧೋ ಎಂದು ಬೀಳತೊಡಗಿತು.

ಅಣ್ಣನ ಕೈಯಲ್ಲಿದ್ದ ತೆನೆ ಕೆಂಡಕ್ಕೆ ಬಿತ್ತು. ಅವನ ಮುಖ ನೋಡಿದ ಮೇಲೆ ನನಗೆ ಇನ್ನೇನೂ ಕೇಳುವುದು ಉಳಿಯಲಿಲ್ಲ. ವೈನಿ ಸೆರಗು ಕಟ್ಟಿ ಶೆಡ್ಡಿನ ಕಡೆ ಓಡಿದರು. ನಾನು ಬದು ಹಿಡಿದು ಓಡಿದೆ, ಅಣ್ಣನೂ ನಮ್ಮ ಮನೆಯವರೂ ನನ್ನ ಹಿಂದೆ. ಎರಡೂ ಕಡೆ ನನ್ನ ತಲೆಗಿಂತ ಎತ್ತರದ ಜೋಳ. ಮಗಳ ಗುಲಾಬಿ ಫ್ರಾಕು ಎಲ್ಲಾದರೂ ಕಂಡೀತೆಂದರೆ ಬರೀ ದಂಟು, ಬರೀ ಗರಿ. ಗರಿಯಂಚು ಮುಖ ಗೀರುತ್ತಿತ್ತು. ದೇವರೇ, ಅವಳಿಗೆ ಏನೂ ಆಗದಿರಲಿ, ಏನೂ ಆಗದಿರಲಿ ಎಂದು ಅದನ್ನೇ ಬಡಬಡಿಸುತ್ತಿದ್ದೆ. ಹಿಂದೆ ಅಣ್ಣ, "ಪಾಪೂ! ಮುಟ್ಟಬ್ಯಾಡವ್ವಾ!" ಎಂದು ಅರಚುತ್ತಿದ್ದ. ಅವನ ಗಂಟಲು ಅಷ್ಟು ಒಡೆದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಆದರೆ ನೀರಿನ ಸದ್ದಿನಲ್ಲಿ ನನಗೇ ಅದು ಅರೆಬರೆ ಕೇಳಿತು.

ಜೋಳ ಮುಗಿದ ಕಡೆ ಅವಳು ಕಂಡಳು. ನಮಗೆ ಬೆನ್ನು ಮಾಡಿ ನಿಂತಿದ್ದಳು. ತಂತಿಗೂ ಅವಳಿಗೂ ನಡುವೆ ಒಂದು ಮಾರು ದೂರ ಇತ್ತೋ ಇಲ್ಲವೋ. ಕೈ ಮುಂದಕ್ಕೆ ಚಾಚಿದ್ದಳು, ಅಂಗೈ ತುಂಬ ಸೀತನಿ. ಆಚೆ ತೊಗರಿ ಕಟಾವು ಮಾಡಿದ ಬಯಲಿನಲ್ಲಿ ಚಿಗರಿಗಳ ಹಿಂಡು ನಿಂತಿತ್ತು. ಮುಂದೊಂದು ಕಪ್ಪು ಗಂಡು, ತಿರುಚಿದ ಕೊಂಬು, ಬೆಳ್ಳಗಿನ ಹೊಟ್ಟೆ. ಅದು ಅವಳನ್ನೇ ನೋಡುತ್ತಿತ್ತು.

ಕೂಗಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಗಾಬರಿಯಾಗಿ ತಿರುಗುವಾಗ ಎಡವಿ ತಂತಿಯ ಮೇಲೇ ಬಿದ್ದರೆ? ಹಿಂದೆ ಬಂದ ಇಬ್ಬರಿಗೂ ಕೈ ಅಡ್ಡ ಹಿಡಿದೆ. ಮಣ್ಣಿನ ಹೆಂಟೆ ಸರಿಯದಂತೆ ಒಂದೊಂದೇ ಹೆಜ್ಜೆ ಇಟ್ಟೆ. ಅವಳು ಒಂದು ಕಾಲು ಮುಂದಿಡುವಂತೆ ಮಾಡಿದಳು. ಮತ್ತೆ ಆ ಕಾಲು ಹಿಂದಕ್ಕೆ ತೆಗೆದುಕೊಂಡಳು. ಅಷ್ಟರಲ್ಲಿ ಅವಳ ಫ್ರಾಕು ನನ್ನ ಕೈಗೆ ಸಿಕ್ಕಿತು. ಎಳೆದು ಎದೆಗೆ ಅವಚಿಕೊಂಡು ಅಲ್ಲೇ ಮಣ್ಣಿನಲ್ಲಿ ಕೂತೆ. ಸೀತನಿಯೆಲ್ಲ ಚೆಲ್ಲಿತು. ಹಿಂಡು ಚಂಗನೆ ಹಾರಿ ಬಯಲು ದಾಟಿತು.

ಹಿಂದೆ ನೀರಿನ ಸದ್ದು ನಿಂತಿತು. ವೈನಿ ಶೆಡ್ಡು ತೆರೆದಿದ್ದರು. ಆಗ ನನಗೆ ಅಳು ಬಂತು, ಅಳುವಿನ ಜೊತೆಗೇ ಸಿಟ್ಟೂ ಬಂತು. ಮಗಳ ಬೆನ್ನಿಗೆ ಒಂದು ಕೊಟ್ಟೆ. "ಯಾರಿಗೆ ಕೇಳಿ ಬಂದಿ ಇಲ್ಲಿ? ತಂತಿ ಮುಟ್ಟಿದ್ರ ಏನಾಗ್ತಿತ್ತು, ಗೊತ್ತದ ಏನು ನಿನಗ?"

ಅವಳು ಅಳಲಿಲ್ಲ. ಚಿಗರಿ ಓಡಿಸಿದ್ದಕ್ಕೆ ನನ್ನ ಮೇಲೇ ಸಿಟ್ಟಾಗಿದ್ದಳು. ನನ್ನ ಹೆಗಲ ಮೇಲಿಂದ ಅಣ್ಣನನ್ನು ನೋಡಿದಳು.

"ಮುಟ್ಟು ಅಂತ ಮಾಮಾನೇ ಹೇಳಿದ್ದ. ಚಿಗರಿಗೆ ಕೈಯಾಗಿಂದೇ ತಿನ್ನಿಸ್ಬೇಕಂತ ಬಂದೆ. ಅವು ತಂತಿ ನೋಡಿ ಅಂಜಿ ಅಲ್ಲೇ ನಿಂತ್ವು, ಎಷ್ಟು ಕರದ್ರೂ ಬರಲಿಲ್ಲ. ಅದಕ್ಕ ನಾನೂ ಮುಟ್ಟಲಿಲ್ಲ, ಮಾಮಾ."

ಅಣ್ಣ ನಮ್ಮ ಪಕ್ಕದಲ್ಲಿ ಕುಕ್ಕರಿಸಿದ. ಅವಳ ಅಂಗೈ ಬಿಡಿಸಿ, ಅಂಟಿದ್ದ ನಾಲ್ಕು ಕಾಳನ್ನು ನೋಡುತ್ತ, "ನಾ ತೆಗದಿದ್ದಿಲ್ಲವ್ವಾ, ಹಗಲು ಕರೆಂಟ್ ಬರಂಗಿಲ್ಲಂತ ಸುಳ್ಳ ಹೇಳಿದ್ದೆ" ಎಂದ, ಹಿಂದೆ ನಿಂತಿದ್ದ ಅಳಿಯನಿಗೂ ಶೆಡ್ಡಿನಿಂದ ಓಡಿಬಂದಿದ್ದ ಹೆಂಡತಿಗೂ ಕೇಳುವ ಹಾಗೆ. ಆಮೇಲೆ ಎದ್ದು ಹೋಗಿ ಮೊದಲನೆಯ ಗೂಟ ಕಿತ್ತ.