ತವರಿನ ಎಣ್ಣೆನೀರು

ದಸರಾ ರಜೆ ಬಂತೆಂದರೆ ಲಕ್ಷ್ಮಿದೇವಮ್ಮ ಶಾಲೆಯ ಬಿಸಿಯೂಟದ ಪಾತ್ರೆಗಳನ್ನು ಬೆಳಗಿ ಬೋರಲು ಹಾಕಿ, ಹೊಳೆನರಸೀಪುರದಲ್ಲಿ ಬಸ್ಸು ಹತ್ತಿಬಿಡುತ್ತಿದ್ದಳು. ಗಂಡನ ಮನೆಯಲ್ಲಿ ಶಾಲೆಗೆ ರಜೆ ಸಿಕ್ಕರೂ ಒಲೆಗೆ ಸಿಗುವುದಿಲ್ಲ. ಬೆನ್ನು ನೆಲಕ್ಕೆ ಕೊಡಬೇಕೆಂದರೆ ಕೊಣನೂರಿನ ಹತ್ತಿರದ ತವರೇ ಆಗಬೇಕು.

ಅಲ್ಲಿ ತಾಯಿ ದೊಡ್ಡತಾಯಮ್ಮ ಮಗಳಿಗೆ ಒಲೆ ಮುಟ್ಟಲು ಬಿಡುತ್ತಿರಲಿಲ್ಲ. ಬಂದ ಮಾರನೆಯ ಬೆಳಿಗ್ಗೆ ನೆತ್ತಿಗೆ ಹರಳೆಣ್ಣೆ ತಟ್ಟಿ, ಸೊಂಟ ನೀವಿ, ಸುಡುಸುಡು ನೀರು ಹೊಯ್ದು, ಕಂಬಳಿ ಹೊದಿಸುವಳು. "ಸುಮ್ಕೆ ಬಿದ್ಕೊ ಕಣವ್ವ. ನೀನು ಸೌಟು ಇಡೀದಿದ್ರೆ ಊರೇನು ಮುಳುಗೋಗಲ್ಲ" ಎನ್ನುವಳು. ಆ ನಿದ್ದೆಯ ಬಲದಲ್ಲೇ ಲಕ್ಷ್ಮಿದೇವಮ್ಮ ವರ್ಷವಿಡೀ ಅನ್ನದ ಪಾತ್ರೆ ಎತ್ತಿ ಇಳಿಸುತ್ತಿದ್ದಳು.

ಈ ಸಲ ದೊಡ್ಡತಾಯಮ್ಮ ಇರಲಿಲ್ಲ. ಯುಗಾದಿ ಕಳೆದ ಮೇಲೆ ತೀರಿಕೊಂಡಿದ್ದಳು. ಸೊಂಟ ಹಿಡಿದುಕೊಂಡಿತ್ತು, ತಾಯಿ ಹೋದ ಮಾತ್ರಕ್ಕೆ ತವರೂ ಹೋಗುತ್ತದೆಯೇ ಎಂದುಕೊಂಡು ಲಕ್ಷ್ಮಿದೇವಮ್ಮ ಬಂದೇಬಿಟ್ಟಳು.

ಅದು ಹೊಗೆಸೊಪ್ಪನ್ನು ಬ್ಯಾರನ್‌ನಲ್ಲಿ ಬೇಯಿಸುವ, ಅಂದರೆ ಬೆಂಕಿಯ ಕಾವಿಗೆ ತೂಗುಹಾಕಿ ಒಣಗಿಸುವ ಕಾಲ. ತಮ್ಮ ಕಾಂತರಾಜುವಿನ ಹೆಂಡತಿ ಭಾಗ್ಯ ಕಾಫಿ ಕೊಟ್ಟವಳೇ, "ಕುಂತ್ಕಳಿ ಅತ್ಗೆ, ಕುಯ್ದ ಎಲೆ ಅಂಗೇ ಬಿದ್ದದೆ" ಎಂದು ಓಡಿದಳು. ಮಾರನೆಯ ಬೆಳಿಗ್ಗೆ ಲಕ್ಷ್ಮಿದೇವಮ್ಮ ಜಗಲಿಯ ಮೇಲೆ ಕೂದಲು ಬಿಚ್ಚಿಕೊಂಡು ಕುಳಿತಳು. ಬಚ್ಚಲ ಒಲೆಯಿಂದ ಹೊಗೆ ಏಳಲಿಲ್ಲ. ಎಣ್ಣೆಯ ಬಟ್ಟಲು ಹಿಡಿದು ಯಾರೂ ಬರಲಿಲ್ಲ. ಬಿಸಿಲೇರಿದ ಮೇಲೆ ಕೂದಲನ್ನು ಗಂಟು ಹಾಕಿ ಬ್ಯಾರನ್ ಕಡೆಗೆ ನಡೆದಳು. ಭಾಗ್ಯ ಎಲೆಯ ರಾಶಿಯ ಪಕ್ಕ ಕುಳಿತು ಕಡ್ಡಿಗೆ ಎಲೆ ಕಟ್ಟುತ್ತಿದ್ದಳು.

"ನಮ್ಮವ್ವ ಇದ್ದಿದ್ರೆ ಇಷ್ಟೊತ್ಗೆ ನಾನು ಎಣ್ಣೆನೀರು ಉಯ್ಕಂಡು ಮಲಗಿರ್ತಿದ್ದೆ" ಎಂದಳು ಲಕ್ಷ್ಮಿದೇವಮ್ಮ.

ಭಾಗ್ಯ ಕೈ ನಿಲ್ಲಿಸಲಿಲ್ಲ. "ಊಂ ಅತ್ಗೆ. ಅತ್ತೆ ಎಣ್ಣೆ ತಟ್ಟೋರು. ನೀರು ಸೇದಿ, ಉರಿ ಆಕ್ತಿದ್ದೋಳು ನಾನು. ನಿಮ್ಮ ಎಣ್ಣೆ ಸೀರೆ ಒಗೀತಿದ್ದೋಳೂ ನಾನೇ. ಈ ಸಲ ಎಲೆ ಕಟ್ಟಕ್ಕೆ ಅತ್ತೆ ಇಲ್ಲ. ಒಂದು ಕೈ ಕಮ್ಮಿ. ಅದ್ಕೇ ಆಗ್ಲಿಲ್ಲ."

ಆ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಬಚ್ಚಲಿನ ಹಬೆಯಲ್ಲಿ ಯಾರೋ ಬಾಗಿಲ ಸಂದಿಯಿಂದ ಬಿಂದಿಗೆ ಒಳಗೆ ಸರಿಸುತ್ತಿದ್ದದ್ದು ಲಕ್ಷ್ಮಿದೇವಮ್ಮನಿಗೆ ಈಗ ನೆನಪಾಯಿತು. ಅವಳು ಒಮ್ಮೆಯೂ ಮುಖ ತಿರುಗಿಸಿ ನೋಡಿರಲಿಲ್ಲ.

"ನೀನು ತವರಿಗೆ ಓಗಿದ್ದು ಯಾವಾಗ ಭಾಗ್ಯ?"

"ದಸರಾಕ್ಕೆ ನೀವು ಬತ್ತೀರಲ್ಲ. ಆಮೇಲೆ ಓಗೀಯಂತೆ ಅನ್ನೋರು ಅತ್ತೆ. ಆಮೇಲೆ ಬೆಂದ ಸೊಪ್ಪು ವಿಂಗಡಿಸೋ ಕೆಲ್ಸ ಬಂದ್ಬುಡ್ತಿತ್ತು."

ಸಂಜೆ ತಮ್ಮನ ಮುಂದೆ ಲಕ್ಷ್ಮಿದೇವಮ್ಮ ಮಾತು ಬೆಳೆಸಲಿಲ್ಲ. "ನಾಳೆ ಭಾಗ್ಯ ಚನ್ನರಾಯಪಟ್ಟಣಕ್ಕೆ ಓಗ್ತಾಳೆ. ರಜಾ ಮುಗಿಯೋಗಂಟ ಅವಳ ತವರಲ್ಲೇ ಇರ್ಲಿ."

"ಸೀಜನ್ ಕಣಕ್ಕ! ಎಲೆ ಕಟ್ಟೋರ್ಯಾರು, ಮುದ್ದೆ ತಿರುವೋರ್ಯಾರು?"

"ಸ್ಕೂಲ್ ತುಂಬ ಮಕ್ಳಿಗೆ ಬೇಯಿಸಿ ಆಕ್ತೀನಿ. ನಿನ್ನೊಬ್ಬನ ಒಟ್ಟೆ ಏನ್ ಮಹಾ ಕಣ್ಲಾ?"

ಬೆಳಿಗ್ಗೆ ಭಾಗ್ಯ ಬ್ಯಾಗು ಹಿಡಿದು ಹೊರಟಳು. ಬೀದಿಯ ತಿರುವಿನಿಂದ ವಾಪಸ್ಸು ಬಂದು ಹುಣಸೆಹಣ್ಣು ಎಲ್ಲಿದೆ ಎಂದು ಹೇಳಿ ಹೋದಳು. ಲಕ್ಷ್ಮಿದೇವಮ್ಮ ಎಲೆಯ ರಾಶಿಯ ಮುಂದೆ ಕುಳಿತಳು. ಎಲೆಯ ಅಂಟು ಕೈಗೆ ಮೆತ್ತಿ ಕಪ್ಪಾಯಿತು. ತಿಂದ ಮುದ್ದೆಯೂ ಕಹಿ. ಸೊಂಟ ಸಿಡಿಯುತ್ತಿತ್ತು. ಒಬ್ಬಳಾದರೂ ಕಂಬಳಿ ಹೊದ್ದು ಮಲಗಿರುತ್ತಾಳೆ ಎಂಬ ಸಮಾಧಾನದಲ್ಲಿ ಕಟ್ಟುತ್ತ ಹೋದಳು.

ಮಾರನೆಯ ಸಂಜೆಗೇ ಭಾಗ್ಯ ಹಿಂದಿರುಗಿ ಬಂದಳು.

"ಯಾಕವ್ವ, ಜಗಳ ಆಯ್ತಾ?"

"ಇಲ್ಲ ಅತ್ಗೆ. ಅವ್ವ ಎಣ್ಣೆ ಬಟ್ಲು ತಂದು ಕೂರಿಸಿದ್ಲು. ಬಚ್ಚಲಲ್ಲಿ ನಮ್ಮಣ್ಣನ ಹೆಂಡ್ತಿ ಅಸಿ ಸೌದೆ ಊದ್ತಾ ಕುಂತಿದ್ಲು, ಕಣ್ಣೆಲ್ಲ ಕೆಂಪಗೆ. ನನ್ ಕೈಲಿ ನೀರು ಉಯ್ಸ್ಕಳಕ್ಕೆ ಆಗ್ಲೇ ಇಲ್ಲ."

ಭಾಗ್ಯ ಬ್ಯಾಗನ್ನು ಒಳಗಿಡದೆಯೇ ಎದುರು ಕುಳಿತು ಎಲೆ ಎತ್ತಿಕೊಂಡಳು. ಲಕ್ಷ್ಮಿದೇವಮ್ಮ ಸ್ವಲ್ಪ ಸರಿದು ಜಾಗ ಕೊಟ್ಟಳು. ರಜೆ ಮುಗಿಯುವವರೆಗೂ ಇಬ್ಬರೂ ಹಾಗೇ ಕಟ್ಟಿದರು. ದೊಡ್ಡತಾಯಮ್ಮನ ಎಣ್ಣೆಯ ಬಟ್ಟಲು ಗೂಡಿನಲ್ಲೇ ಧೂಳು ಹಿಡಿಯಿತು.

ಶಾಲೆ ಶುರುವಾದ ದಿನ ಜೊತೆಯ ಅಡುಗೆಯವಳು ಸರೋಜಮ್ಮ, "ಏನಕ್ಕ, ತವರಲ್ಲಿ ಚೆನ್ನಾಗಿ ಬಿದ್ಕಂಡಿದ್ದು ಬಂದ್ರಾ?" ಎಂದು ನಕ್ಕಳು. ಪಾತ್ರೆಯ ಇನ್ನೊಂದು ಕಿವಿ ಹಿಡಿದ ಲಕ್ಷ್ಮಿದೇವಮ್ಮನ ಕೈ ಕಂಡು ಅವಳ ನಗು ನಿಂತಿತು. ಹುಣಸೆಹಣ್ಣು ಹಾಕಿ ಉಜ್ಜಿದರೂ ಬೆರಳ ಗೆರೆಗಳಲ್ಲಿ ಕಪ್ಪು ಉಳಿದಿತ್ತು. ಎತ್ತುವಾಗ ಸೊಂಟ ಚಳಕ್ ಎಂದಿತು. ಲಕ್ಷ್ಮಿದೇವಮ್ಮ ಪಾತ್ರೆಯನ್ನು ಮತ್ತೆ ನೆಲಕ್ಕೆ ಇಳಿಸಿ, ಅದರ ಅಂಚು ಹಿಡಿದು ನಿಂತಳು.

"ಇಂಗಾದ್ರೆ ಮುಂದಿನ ದಸರಾಕ್ಕೂ ಓಗ್ತೀರಾ?"

"ಓಗ್ಬೇಕು ಕಣೆ" ಎಂದಳು ಅವಳು. "ಅಲ್ಲಿ ಒಂದು ಕೈ ಕಮ್ಮಿ ಅದೆ."